ಬೂದಿ ಹಾಕಿದ ನೀಲಿ ಗಂಜಿ: ನವಾಹೊ ಜನರ ಜೂನಿಪರ್ ಬಗ್ಗೆ ಗೊತ್ತಿರುವವರು ಬನ್ನಿ

ಫ್ಲ್ಯಾಗ್‌ಸ್ಟಾಫ್ ಮೈಸೂರಿಗ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ಗೆ ಬಂದು ಆರು ವರ್ಷ ಆಯಿತು. ಇಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ಕಾರು ಓಡಿಸಿದರೆ ಇಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನಾಡು ಶುರುವಾಗುತ್ತದೆ. ಸುಮಾರು 71,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅವರು ತಮ್ಮನ್ನು ಡಿನೆ ಅಂತ ಕರೆದುಕೊಳ್ಳುತ್ತಾರೆ. ಹಾಗಂದ್ರೆ ‘ಜನ’ ಅಂತ ಅರ್ಥ, ಅಷ್ಟೇ.

ಹೋದ ಶನಿವಾರ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಟ್ಯೂಬಾ ಸಿಟಿ ದಾಟಿ ಇರುವ ಅವಳ ಅಜ್ಜಿ ಮನೆಗೆ ನಮ್ಮನ್ನು ಕರೆದುಕೊಂಡು ಹೋಗಿದ್ದಳು. ಬೆಳಿಗ್ಗೆ ಅಜ್ಜಿ ಮನೆ ಹಿಂದಿನ ಒಂದು ಕುಳ್ಳ ಜೂನಿಪರ್ ಮರದ ಹತ್ತಿರ ಹೋದರು. ಮೆಲ್ಲಗೆ ಏನೋ ಹೇಳಿದರು. ಸಣ್ಣ ಚೀಲದಿಂದ ಚಿಟಿಕೆ ಹಳದಿ ಪುಡಿ ಹಾಕಿದರು, ಮೆಕ್ಕೆಜೋಳದ ಪರಾಗವಂತೆ. ಆಮೇಲೆ ಆ ಮರವನ್ನು ಬಿಟ್ಟು ಪಕ್ಕದ ಮರದಿಂದ ಹಸಿರು ರೆಂಬೆ ಮುರಿದುಕೊಂಡರು. ಒಂದು ತೋಳು ತುಂಬ ಆಯಿತು.

ರೆಂಬೆಗಳನ್ನು ಕಬ್ಬಿಣದ ಜಾಲರಿ ಮೇಲಿಟ್ಟು ಬೆಂಕಿ ಕೊಟ್ಟರು. ಕೆಳಗೆ ಬಾಣಲೆ. ಹಸಿ ಎಲೆ ಆದರೂ ಚಟಪಟ ಅಂತ ಹೊತ್ತಿಕೊಂಡಿತು. ತೋಳು ತುಂಬ ಇದ್ದದ್ದು ಕೊನೆಗೆ ಒಂದು ಹಿಡಿ ಬೂದಿ. ಅದನ್ನು ಟೀ ಸೋಸುವ ಜರಡಿಯಲ್ಲಿ ಜಾಲಿಸಿದರು. ಕುದಿಯುವ ನೀರಿಗೆ ಒಂದು ಟೀ ಚಮಚ ಬೂದಿ, ಆಮೇಲೆ ಒಂದು ಬಟ್ಟಲು ನೀಲಿ ಮೆಕ್ಕೆಜೋಳದ ಹಿಟ್ಟು. ಸೌಟಿನ ಬದಲು ಒಂದು ಕಟ್ಟು ಕಡ್ಡಿಯಲ್ಲಿ ತಿರುವಿದರು. ಗಂಜಿ ರೆಡಿ.

ನೋಡಲು ನಮ್ಮ ರಾಗಿ ಅಂಬಲಿ ತರಹವೇ, ಸ್ವಲ್ಪ ನೀಲಿ ಹೊಡೆದಂತೆ. ಬೂದಿಯ ರುಚಿ ಗೊತ್ತೇ ಆಗಲಿಲ್ಲ. ಮಳೆ ಬಿದ್ದ ಮಣ್ಣಿನ ಪರಿಮಳ ಇತ್ತು ಅನ್ನಬಹುದೇನೋ.

ನನ್ನ ಪ್ರಶ್ನೆ: ಊಟಕ್ಕೆ ಯಾಕೆ ಬೂದಿ? ಈ ಮರ, ಸುತ್ತಲ ಗಿಡ ಇವನ್ನು ಇನ್ನೇನಕ್ಕೆಲ್ಲ ಬಳಸ್ತಾರೆ? ಅಜ್ಜಿ ಹತ್ತಿರ ಒಂದೇ ಸಲಕ್ಕೆ ಹತ್ತು ಪ್ರಶ್ನೆ ಕೇಳಲು ನಾಚಿಕೆ ಆಯಿತು.

ತುರುವೇಕೆರೆ ತಮ್ಮ

ಅಯ್ಯೋ, ಬೂದಿ ತಿಂದ್ರಾ? ನಮ್ಮಜ್ಜಿ ಅದರಲ್ಲಿ ಪಾತ್ರೆ ತಿಕ್ಕುತ್ತಿದ್ದರು, ಹಲ್ಲು ಉಜ್ಜುತ್ತಿದ್ದರು. ಗಂಜಿಗಂತೂ ಹಾಕಲಿಲ್ಲಪ್ಪ.

ರಸಾಯನ ಮೇಷ್ಟ್ರು

ತಮ್ಮ, ನಗಬೇಡ. ನಿಮ್ಮಜ್ಜಿ ಆರತಿಗೆ ಓಕುಳಿ ನೀರು ಮಾಡಿದ್ದು ನೋಡಿದ್ದೀಯಲ್ಲ? ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದ ಕೂಡಲೇ ಕೆಂಪಾಗುತ್ತೆ. ಸುಣ್ಣ ಕ್ಷಾರ, ಅದಕ್ಕೇ ಬಣ್ಣ ತಿರುಗುತ್ತೆ. ಅಜ್ಜಿಯ ಗಂಜಿಯಲ್ಲೂ ಅದೇ ಆಟ. ನೀಲಿ ಜೋಳದ ಬಣ್ಣ ಹುಳಿ ಸೇರಿದರೆ ಗುಲಾಬಿ ಕಡೆ ಹೋಗುತ್ತೆ, ಕ್ಷಾರ ಸೇರಿದರೆ ನೀಲಿ ಕಡೆ. ಬೂದಿ ಇಲ್ಲದೆ ಮಾಡಿದರೆ ಗಂಜಿ ಮಂಕಾಗಿ ನೇರಳೆ ಹೊಡೆಯುತ್ತೆ.

ಆದರೆ ಬಣ್ಣ ಸಣ್ಣ ವಿಷಯ. ಮೆಕ್ಕೆಜೋಳದಲ್ಲಿ ನಯಾಸಿನ್ ಅನ್ನೋ ಬಿ ವಿಟಮಿನ್ ಇದೆ. ಇದ್ದರೂ ಕೈಗೆ ಸಿಗದ ಹಾಗೆ ಬಿಗಿಯಾಗಿ ಅಂಟಿಕೊಂಡಿರುತ್ತೆ. ಕ್ಷಾರದಲ್ಲಿ ಬೇಯಿಸಿದರೆ ಮಾತ್ರ ಬಿಡುತ್ತೆ. ಮೆಕ್ಸಿಕೊದವರು ಸುಣ್ಣದಲ್ಲಿ ಬೇಯಿಸಿದರು, ಇವರು ಬೂದಿಯಲ್ಲಿ. ಯುರೋಪಿನವರು ಜೋಳ ಮಾತ್ರ ತೆಗೆದುಕೊಂಡು ಹೋದರು, ಬೇಯಿಸುವ ವಿದ್ಯೆ ಬಿಟ್ಟು ಹೋದರು. ಇಟಲಿಯಲ್ಲಿ ಜೋಳವನ್ನೇ ನಂಬಿದ್ದ ಬಡವರಿಗೆ ಪೆಲಾಗ್ರಾ ಬಂತು: ಚರ್ಮ ಸುಲಿಯುತ್ತೆ, ಭೇದಿ, ಕೊನೆಗೆ ತಲೆಕೆಟ್ಟು ಸಾವು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಸಾವಿರಾರು ಜನ ಸತ್ತರು. ಇದು ಅಂಟುರೋಗ ಅಂತಲೇ ಡಾಕ್ಟರುಗಳು ನಂಬಿದ್ದರು. ಊಟದ ದೋಷ ಅಂತ ತೋರಿಸಲು 1914ರಿಂದ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ಡಾಕ್ಟರು ವರ್ಷಗಟ್ಟಲೆ ಹೆಣಗಬೇಕಾಯಿತು. ಯಾವ ವಿಟಮಿನ್ ಅಂತ ಗೊತ್ತಾಗಿದ್ದು 1937ರಲ್ಲಿ. ಈ ಅಜ್ಜಿಯ ಅಜ್ಜಿಯರು ಅಷ್ಟೊತ್ತಿಗಾಗಲೇ ನೂರಾರು ವರ್ಷದಿಂದ ಬೂದಿ ಹಾಕುತ್ತಿದ್ದರು.

ಇನ್ನೊಂದು, ಕ್ಯಾಲ್ಸಿಯಂ. ಜೂನಿಪರ್ ಎಲೆಯ ಬೂದಿಯಲ್ಲಿ ಅದು ಭರ್ತಿ ಇದೆ. ಒಂದು ಚಮಚ ಬೂದಿ ಅಂದರೆ ಹೆಚ್ಚುಕಡಿಮೆ ಒಂದು ಲೋಟ ಹಾಲು. ಅಲ್ಲಿನ ಮೂಲನಿವಾಸಿಗಳಲ್ಲಿ ತುಂಬಾ ಜನಕ್ಕೆ ಹಾಲು ಜೀರ್ಣ ಆಗಲ್ಲ. ನಮ್ಮಲ್ಲಿ ರಾಗಿ ಮಾಡುವ ಕೆಲಸ ಅಲ್ಲಿ ಬೂದಿ ಮಾಡಿದೆ.

ಗುವಾಹಟಿ ಕನ್ನಡತಿ

ಮೇಷ್ಟ್ರೇ, ಇಲ್ಲಿ ಅಸ್ಸಾಮಿನಲ್ಲಿ ಒಣಗಿದ ಬಾಳೆಸಿಪ್ಪೆ ಸುಟ್ಟು, ಆ ಬೂದಿಯ ನೀರು ಸೋಸಿ ಅಡುಗೆಗೆ ಹಾಕ್ತಾರೆ. ಖಾರ್ ಅಂತ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಮುಖ ಸಿಂಡರಿಸಿದ್ದೆ. ಈಗ ಊಟ ಶುರುವಾಗೋದೇ ಅದರಿಂದ.

ಮಲೆನಾಡ ಗಿಡ

ಜೂನಿಪರ್ ಅಂದ್ರೆ ಮನೆ ಮುಂದೆ ಬೆಳೆಸ್ತಾರಲ್ಲ, ಮೋರ್‌ಪಂಕಿ, ಅದೇನಾ? ನಮ್ಮ ಕಾಂಪೌಂಡ್‌ನಲ್ಲಿ ಎರಡಿವೆ. ಸುಟ್ಟು ನೋಡಲಾ?

ಫ್ಲ್ಯಾಗ್‌ಸ್ಟಾಫ್ ಮೈಸೂರಿಗ

ಬೇಡ ಮಾರಾಯ್ರೇ! ಮೋರ್‌ಪಂಕಿ ಥೂಜಾ ಜಾತಿ. ಸಂಬಂಧಿಕನೇ, ಆದರೆ ಅದಲ್ಲ. ಥೂಜಾದಲ್ಲಿ ಥುಜೋನ್ ಅಂತ ವಿಷದ ಅಂಶ ಇದೆ. ಹೊಟ್ಟೆಗೆ ಹಾಕಿಕೊಳ್ಳಬೇಡಿ.

ಇಲ್ಲಿರೋದು ಮುಖ್ಯವಾಗಿ ಯೂಟಾ ಜೂನಿಪರ್, ಒಂದು ಬೀಜದ ಜೂನಿಪರ್, ಎತ್ತರದ ಜಾಗದಲ್ಲಿ ರಾಕಿ ಮೌಂಟನ್ ಜೂನಿಪರ್. ಡಿನೆ ಭಾಷೆಯಲ್ಲಿ ಹೆಸರು ‘ಗಡ್’. ಇಲ್ಲಿನ ಜನ ಇಂಗ್ಲಿಷಿನಲ್ಲಿ ಇದನ್ನೇ ಸೀಡರ್ ಅಂದುಬಿಡ್ತಾರೆ, ಅದಕ್ಕೇ ಅಂತರ್ಜಾಲದಲ್ಲಿ ಹುಡುಕಿದರೆ ಗೊಂದಲ. ಕಾಂಡ ಹಿಂಡಿದ ಬಟ್ಟೆ ತರಹ ತಿರುಚಿಕೊಂಡಿರುತ್ತೆ. ತೊಗಟೆ ನಾರುನಾರಾಗಿ ಸುಲಿಯುತ್ತೆ. ಎಲೆ ಸೂಜಿಯಂತಿಲ್ಲ, ಹಲ್ಲಿ ಚರ್ಮದ ಹಾಗೆ ಪುಟ್ಟ ಪುಟ್ಟ ಹುರುಪೆ. ಹಣ್ಣು ಅಂತ ಕರೆಯೋದು ನಿಜಕ್ಕೂ ಹಣ್ಣಲ್ಲ, ಮೆತ್ತಗಾದ ಪೈನ್ ಕಾಯಿ. ಮೇಲೆ ಬಿಳಿ ಬೂದಿ ಸವರಿದ ಹಾಗೆ ಮೇಣ.

ಕುಶಾಲನಗರ ಬಸ್‌ಸ್ಟ್ಯಾಂಡ್

ಜೂನಿಪರ್ ಹೊಗೆ ವಾಸನೆ ಬೇಕಾದರೆ ಅರಿಜೋನಾಗೆ ಹೋಗೋದೇನೂ ಬೇಡ. ನಮ್ಮ ಪಕ್ಕದ ಬೈಲಕುಪ್ಪೆಗೆ ಬನ್ನಿ. ಟಿಬೆಟಿಯನ್ನರು 1961ರಿಂದ ಇಲ್ಲಿದ್ದಾರೆ. ಲೋಸರ್ ಹಬ್ಬಕ್ಕೆ ಬೆಳಿಗ್ಗೆ ಸಾಂಗ್ ಅಂತ ಹೊಗೆ ಹಾಕ್ತಾರೆ, ಅದರಲ್ಲಿ ಮುಖ್ಯ ಇದೇ ಜಾತಿಯ ಎಲೆ, ಹಿಮಾಲಯದ್ದು. ಚಿಕ್ಕವನಿದ್ದಾಗ ಆ ಹೊಗೆ ನಮ್ಮ ಶಾಲೆ ಬಸ್ಸಿನೊಳಗೂ ಬರುತ್ತಿತ್ತು. ನವಾಹೊಗಳೂ ಪೂಜೆಗೆ ಹೊಗೆ ಹಾಕ್ತಾರಾ?

ಫ್ಲ್ಯಾಗ್‌ಸ್ಟಾಫ್ ಮೈಸೂರಿಗ

ಹೂಂ, ಕೆಲವು ಶಾಸ್ತ್ರಗಳಲ್ಲಿ ಇದೆ. ವಿವರ ನಾನು ಕೇಳಲಿಲ್ಲ, ಅಜ್ಜಿಯ ಮೊಮ್ಮಗಳೂ ಹೇಳಲಿಲ್ಲ. ಅದು ಮನೆಯೊಳಗಿನ ಮಾತು ಅನ್ನೋದು ಮುಖ ನೋಡಿದರೆ ಗೊತ್ತಾಯಿತು.

ಅಜ್ಜಿ ಮದ್ದು

ಒಳ್ಳೇ ವಿಷಯ ಸರ್. ಯಾವ ಗಿಡ ಯಾವ ಕಾಯಿಲೆಗೆ ಅಂತ ಒಂದು ಪಟ್ಟಿ ಹಾಕಿ. ಮುಖ್ಯವಾಗಿ ಸಕ್ಕರೆ ಕಾಯಿಲೆಗೆ. ಜೂನಿಪರ್ ಕಷಾಯ ಎಷ್ಟು ದಿನ ಕುಡಿಯಬೇಕು?

ಅಲ್ಬುಕರ್ಕಿ ಅಮ್ಮ

ಪಟ್ಟಿ ಬೇಡ ಅಜ್ಜಿ ಮದ್ದು ಅವರೇ. ಹದಿನೈದು ವರ್ಷದಿಂದ ನ್ಯೂ ಮೆಕ್ಸಿಕೊದಲ್ಲಿದ್ದೀನಿ, ಡಿನೆ ಸ್ನೇಹಿತೆಯರಿದ್ದಾರೆ. ಅದಕ್ಕೇ ಸ್ವಲ್ಪ ನೇರವಾಗಿ ಹೇಳ್ತೀನಿ. ಜೂನಿಪರ್ ಕಷಾಯ ಮೂತ್ರಪಿಂಡಕ್ಕೆ ಭಾರ. ಬಸುರಿಯರಂತೂ ಹತ್ತಿರ ಹೋಗಬಾರದು. ಮದ್ದಿನ ಗಿಡ ಅಲ್ಲಿ ಒಂಟಿ ಮಾತ್ರೆ ಅಲ್ಲ. ಹತಾಲಿ ಅಂತ ಇರ್ತಾರೆ, ಹಾಡುವವರು ಅಂತ ಅರ್ಥ. ಹಾಡು, ಮರಳಿನ ಚಿತ್ರ, ಗಿಡ, ರೋಗಿಯ ಮನೆಯವರು ಎಲ್ಲ ಸೇರಿ ಒಂದು ಶಾಸ್ತ್ರ. ಕೆಲವು ಎರಡು ದಿನ, ಕೆಲವು ಒಂಬತ್ತು ರಾತ್ರಿ. ಅದರಿಂದ ಎಲೆ ಮಾತ್ರ ಕಿತ್ತುಕೊಂಡು ಬಂದು ಏನು ಮಾಡ್ತೀರಾ?

ಸಕ್ಕರೆ ಕಾಯಿಲೆ ಅಂದ್ರಲ್ಲ, ಅದು ಅವರನ್ನೂ ಜೋರಾಗಿಯೇ ಕಾಡ್ತಿದೆ. ಅವರು ಅದಕ್ಕೆ ಏನು ಮಾಡಿದರು ಗೊತ್ತಾ? 2014ರಲ್ಲಿ ತಮ್ಮದೇ ಕಾನೂನು ಮಾಡಿ ಚಿಪ್ಸು, ಸೋಡಾ ತರಹದ ತಿಂಡಿಗೆ 2% ಹೆಚ್ಚು ತೆರಿಗೆ ಹಾಕಿದರು. ಇಡೀ ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಆ ದುಡ್ಡು ಊರೂರಿನ ಆರೋಗ್ಯದ ಕೆಲಸಕ್ಕೆ.

ನೋಡಿದ ಗಿಡಗಳ ಬಗ್ಗೆ ಹೇಳ್ತೀನಿ ಕೇಳಿ. ಯುಕ್ಕಾ ಅಂತ ಒಂದಿದೆ, ಕತ್ತಾಳೆ ತಮ್ಮನ ಹಾಗೆ, ಎಲೆ ತುದಿ ಚೂಪು. ಬೇರು ಅಗೆದು, ಜಜ್ಜಿ, ನೀರಲ್ಲಿ ಕಲಕಿದರೆ ನೊರೆಯೋ ನೊರೆ. ಅದೇ ಅವರ ಸೀಗೆಕಾಯಿ. ಸ್ನೇಹಿತೆಯ ಮಗಳು ಮೈನೆರೆದಾಗ ಕಿನಾಲ್ಡಾ ಅಂತ ನಾಲ್ಕು ದಿನದ ಶಾಸ್ತ್ರ ಮಾಡಿದರು, ನನ್ನನ್ನೂ ಕರೆದಿದ್ದರು. ಬೆಳಗಾಗುವ ಮುಂಚೆ ಹುಡುಗಿ ಪೂರ್ವಕ್ಕೆ ಓಡ್ತಾಳೆ, ಹಿಂದೆ ಚಿಕ್ಕ ಮಕ್ಕಳೆಲ್ಲ ಕೂಗುತ್ತಾ ಓಡ್ತಾರೆ. ಯುಕ್ಕಾ ನೊರೆಯಲ್ಲಿ ತಲೆ ತೊಳೀತಾರೆ. ನೆಲದಲ್ಲಿ ಗುಂಡಿ ತೋಡಿ, ಬೆಂಕಿ ಹಾಕಿ ಕಾಯಿಸಿ, ಜೋಳದ ಸಿಪ್ಪೆ ಹಾಸಿ, ಹಿಟ್ಟು ಸುರಿದು, ಮುಚ್ಚಿ, ರಾತ್ರಿಯಿಡೀ ಬೇಯಿಸ್ತಾರೆ. ಬೆಳಿಗ್ಗೆ ತೆಗೆದರೆ ಗಾಡಿ ಚಕ್ರದಷ್ಟು ದೊಡ್ಡ ಕೇಕು. ಎಲ್ಲರಿಗೂ ಹಂಚಿದರು. ಹುಡುಗಿ ಮಾತ್ರ ತಿನ್ನುವ ಹಾಗಿಲ್ಲ, ಪಾಪ, ನಾಲ್ಕು ದಿನ ಜೋಳ ಬೀಸಿದವಳು ಅವಳೇ!

ಮೈಸೂರಿಗರೇ, ಅಜ್ಜಿ ತಿರುವಿದ ಆ ಕಡ್ಡಿ ಕಟ್ಟು ಗ್ರೀಸ್‌ವುಡ್ ಅನ್ನೋ ಮುಳ್ಳು ಪೊದೆಯದ್ದು ಇರಬೇಕು. ಹೆಸರು ಅದಿಸ್ತ್‌ಸೀನ್. ಹಸಿವಿನ ವಿರುದ್ಧದ ಆಯುಧ ಅಂತಾರೆ. ಗಂಜಿ ಆದಮೇಲೆ ಅದನ್ನು ಮೇಲೆತ್ತಿ ಪ್ರಾರ್ಥನೆ ಮಾಡ್ತಾರೆ, ನೋಡಿದ್ರಾ?

ಫ್ಲ್ಯಾಗ್‌ಸ್ಟಾಫ್ ಮೈಸೂರಿಗ

ನೋಡಿದೆ! ಹಿಟ್ಟು ಕೊಡವುತ್ತಿದ್ದಾರೆ ಅಂದುಕೊಂಡೆ. ಛೇ.

ಗೋಡೆಯಲ್ಲಿ ಹುಲ್ಲಿನ ಒಂದು ಪುಟ್ಟ ಪೊರಕೆಯೂ ನೇತಾಡುತ್ತಿತ್ತು, ನಡುವೆ ಬಿಗಿದು ಕಟ್ಟಿದ್ದು. ಒಂದು ತುದಿಯಲ್ಲಿ ತಲೆ ಬಾಚೋದು, ಇನ್ನೊಂದು ತುದಿಯಲ್ಲಿ ಬೀಸುವ ಕಲ್ಲಿನ ಹಿಟ್ಟು ಗುಡಿಸೋದಂತೆ. ಟೀ ಜರಡಿ ಬರುವ ಮೊದಲು ಬೂದಿ ನೀರು ಸೋಸುತ್ತಿದ್ದದ್ದೂ ಅದರಲ್ಲೇ.

ಇಳಕಲ್ ನೂಲು

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಸಹಜ ಬಣ್ಣದ ಕೆಲಸ ಮಾಡ್ತೀನಿ, ನವಾಹೊ ಕಂಬಳಿ ನನಗೆ ಹುಚ್ಚು. ಉಣ್ಣೆಗೆ ಬಣ್ಣ ಹಿಡಿಯಬೇಕಾದರೆ ನಾವು ಪಟಿಕ ಹಾಕ್ತೀವಿ. ಅವರ ನೆಲದಲ್ಲೂ ಹಸಿ ಪಟಿಕ ಸಿಗುತ್ತೆ, ಅದನ್ನೂ ಹಾಕ್ತಾರೆ, ಜೂನಿಪರ್ ಬೂದಿ ನೀರನ್ನೂ ಹಾಕ್ತಾರೆ. ರ‍್ಯಾಬಿಟ್‌ಬ್ರಷ್ ಹೂವಿಂದ ಹಳದಿ. ಮೌಂಟನ್ ಮಹಾಗನಿ ಬೇರಿನ ತೊಗಟೆಯಿಂದ ಕೆಂಗಂದು. ಕಾಡು ಅಕ್ರೋಟಿನ ಸಿಪ್ಪೆಯಿಂದ ಕಂದು.

ನನಗೆ ರೋಮಾಂಚನ ಆಗೋದು ಅವರ ಕಪ್ಪು. ಸುಮಾಕ್ ಅನ್ನೋ ಪೊದೆಯ ಎಲೆ, ಕಡ್ಡಿ ಗಂಟೆಗಟ್ಟಲೆ ಕುದಿಸ್ತಾರೆ. ಪಕ್ಕದಲ್ಲಿ ಹಳದಿ ಕಾವಿಮಣ್ಣನ್ನು ಬಾಣಲೆಯಲ್ಲಿ ಹುರಿದು, ಪಿನ್ಯಾನ್ ಪೈನ್ ಮರದ ಅಂಟು ಸೇರಿಸಿ, ಹೊಗೆ ಏಳುವವರೆಗೆ ಮತ್ತೆ ಹುರೀತಾರೆ. ಅದು ಕರೀ ಪುಡಿ ಆಗುತ್ತೆ. ಆ ಪುಡಿ ಕಷಾಯಕ್ಕೆ ಬಿದ್ದರೆ ಕಾಡಿಗೆ ಕಪ್ಪು. ಎಲೆಯ ಒಗರು, ಮಣ್ಣಿನ ಕಬ್ಬಿಣ. ನಾವು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಪ್ಪು ತೆಗೀತೀವಲ್ಲ, ಅದೇ ಲೆಕ್ಕ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಕೇಳಿದವರಲ್ಲ.

ಒಂದು ತಕರಾರು. ‘ಸಾವಿರಾರು ವರ್ಷದಿಂದ ಇದೇ ಬಣ್ಣ’ ಅಂತ ಮಾರಾಟದವರು ಹೇಳೋದನ್ನು ನಂಬಬೇಡಿ. ಹಳೇ ಕಂಬಳಿಗಳಲ್ಲಿ ಹೆಚ್ಚಾಗಿ ಕುರಿಯ ಸಹಜ ಬಿಳಿ, ಕಂದು, ವ್ಯಾಪಾರದಲ್ಲಿ ಬಂದ ನೀಲಿ, ಹೊರಗಿಂದ ಬಂದ ಕೆಂಪು ಬಟ್ಟೆ ಬಿಚ್ಚಿ ತೆಗೆದ ನೂಲು. ಇವತ್ತು ನಾವು ನೋಡುವ ತಿಳಿ ಹಳದಿ, ತಿಳಿ ಹಸಿರು, ಮಣ್ಣು ಬಣ್ಣದ ಕಂಬಳಿ ಜೋರಾಗಿದ್ದು 1920 ಮತ್ತು 30ರ ದಶಕದಲ್ಲಿ, ಅವರ ನಾಡಿನ ಚಿನ್ಲೆ ಮತ್ತು ವೈಡ್ ರೂಯಿನ್ಸ್ ಊರುಗಳ ಕಡೆಯಿಂದ. ಅಂಗಡಿಯವರು ಕೇಳಿದರು, ನೇಯುವ ಹೆಂಗಸರು ಗಿಡಗಳನ್ನು ಒಂದೊಂದಾಗಿ ಕುದಿಸಿ ನೋಡಿ ಹೊಸ ಹೊಸ ಬಣ್ಣ ಹುಟ್ಟಿಸಿದರು. ಇದರಿಂದ ಅವರ ಹೆಚ್ಚುಗಾರಿಕೆ ಕಮ್ಮಿ ಆಗಲ್ಲ. ನನಗಂತೂ ಜಾಸ್ತಿಯೇ ಆಯಿತು.

ಅದೇ ಸುಮಾಕ್ ಕಡ್ಡಿಯಲ್ಲಿ ಹೂಜಿ ಹೆಣೆದು, ಒಳಗೂ ಹೊರಗೂ ಬಿಸಿ ಪಿನ್ಯಾನ್ ಅಂಟು ಬಳಿದು ನೀರು ತುಂಬಿಸ್ತಾರೆ. ಒಂದು ತೊಟ್ಟೂ ಸೋರಲ್ಲ.

ತುರುವೇಕೆರೆ ತಮ್ಮ

ಬುಟ್ಟಿಯಲ್ಲಿ ನೀರು! ಸರಿ, ಇನ್ನು ನಗಲ್ಲ.

ಅಂತರ್ಜಾಲದಲ್ಲಿ ‘ದೆವ್ವದ ಮಣಿ’ ಅಂತ ಜೂನಿಪರ್ ಬೀಜದ ಸರ ಮಾರ್ತಿದ್ದಾರೆ. ಅದೇನು?

ಅಲ್ಬುಕರ್ಕಿ ಅಮ್ಮ

ಅಯ್ಯೋ, ಅದರಲ್ಲಿ ಟೋಪಿ ಹಾಕಿಸಿಕೊಂಡವಳು ನಾನೇ. ಅಸಲಿ ಮಣಿ ಆಗೋದು ಹೀಗೆ. ಹಣ್ಣು ಉದುರುತ್ತೆ. ಇರುವೆಯೋ ಇಲಿ ಅಳಿಲೋ ಬೀಜದ ಒಂದು ತುದಿ ಕಡಿದು ಒಳಗಿನ ತಿರುಳು ತಿನ್ನುತ್ತೆ. ಖಾಲಿ ಚಿಪ್ಪು ಮರದಡಿ, ಗೂಡಿನ ಹತ್ತಿರ ಬಿದ್ದಿರುತ್ತೆ. ಅದನ್ನು ಆರಿಸಿ ತಂದು ಇನ್ನೊಂದು ತುದಿಗೆ ಮಾತ್ರ ತೂತು ಮಾಡಿ, ಗಾಜಿನ ಮಣಿ ಜೊತೆ ಪೋಣಿಸ್ತಾರೆ. ಅರ್ಧ ಕೆಲಸ ಪ್ರಾಣಿಯದ್ದು, ಅರ್ಧ ಮನುಷ್ಯರದ್ದು, ಬೀಜ ಮರದ್ದು. ಕೆಟ್ಟ ಕನಸು, ಕೆಟ್ಟ ಗಾಳಿ ತಾಗದಿರಲಿ ಅಂತ ಕೈಗೆ ಕಟ್ಟೋದು. ನಮ್ಮ ದೃಷ್ಟಿದಾರ ನೆನಪಾಗುತ್ತೆ, ಅಲ್ವಾ?

ನಾನು ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದೆ. ಪೆಟ್ಟಿಗೆ ಮೇಲೆ ಗರಿ, ಬಾಣದ ಚಿತ್ರ ಎಲ್ಲಾ ಇತ್ತು. ಸ್ನೇಹಿತೆ ಒಂದು ಮಣಿ ತೆಗೆದು ಬೆಳಕಿಗೆ ಹಿಡಿದಳು. ಎರಡೂ ಕಡೆ ಒಂದೇ ಅಳತೆಯ ದುಂಡನೆ ತೂತು. ‘ಈ ಇರುವೆ ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಂಡಿತ್ತೇನೋ’ ಅಂದಳು. ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರೋದು 1990ರ ಕಾನೂನಿನ ಪ್ರಕಾರ ಅಪರಾಧ. ನಾನು ಬರೆದ ದೂರಿಗೆ ಬಂದ ಉತ್ತರ, ಮುಂದಿನ ಖರೀದಿಗೆ ಹತ್ತು ಪರ್ಸೆಂಟ್ ರಿಯಾಯಿತಿ.

ಮಲೆನಾಡ ಗಿಡ

ಹಹ್ಹಾ! ಮೇಲೆ ಪಿನ್ಯಾನ್ ಅಂತ ಬಂತಲ್ಲ, ಅದು ತಿನ್ನೋ ಪೈನ್ ಬೀಜ ಚಿಲ್ಗೋಜಾ ತರಹನಾ?

ಅಲ್ಬುಕರ್ಕಿ ಅಮ್ಮ

ಅದರ ಅಣ್ಣತಮ್ಮ. ಪಿನ್ಯಾನ್ ಮತ್ತು ಜೂನಿಪರ್ ಒಟ್ಟಿಗೇ ಬೆಳೆಯೋದು, ಗಂಡ ಹೆಂಡತಿ ಹಾಗೆ. ಬೀಜ ಪ್ರತಿ ವರ್ಷ ಬರಲ್ಲ. ಬಂದ ವರ್ಷ ಶರತ್ಕಾಲದಲ್ಲಿ ಮನೆಮಂದಿಯೆಲ್ಲ ಬೆಡ್‌ಶೀಟ್ ಹಾಸಿಕೊಂಡು ಮರದಡಿ ಮೊಣಕಾಲೂರಿ ಆರಿಸ್ತಾರೆ. ಹುರಿದು ಉಪ್ಪು ಹಾಕಿ ರಸ್ತೆ ಬದಿ ಮಾರ್ತಾರೆ.

ಇದಕ್ಕೆ ಒಂದು ಭಯಂಕರ ಕಥೆಯೂ ಅಂಟಿಕೊಂಡಿದೆ. 1993ರಲ್ಲಿ ಇಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರು ಕಟ್ಟಿ ಸತ್ತರು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಮಳೆ ಹಿಮ ಜಾಸ್ತಿ ಆದರೆ ಪಿನ್ಯಾನ್ ಬೀಜ ಜಾಸ್ತಿ, ಬೀಜ ಜಾಸ್ತಿಯಾದರೆ ಇಲಿ ಜಾಸ್ತಿ, ಆಗ ಕಾಯಿಲೆ ಬರುತ್ತೆ ಅಂತ ಡಿನೆ ಹಿರಿಯರು ಹೇಳಿದರು. ಕೊನೆಗೆ ಸಿಕ್ಕಿದ್ದು ಹಂಟಾ ವೈರಸ್, ಜಿಂಕೆ ಇಲಿಯ ಹಿಕ್ಕೆ, ಮೂತ್ರದಿಂದ ಹರಡೋದು. ಪತ್ರಿಕೆಗಳು ಮಾತ್ರ ‘ನವಾಹೊ ಜ್ವರ’ ಅಂತ ಹೆಸರಿಟ್ಟು ಆ ಜನರನ್ನೇ ದೂರ ಇಡುವ ಹಾಗೆ ಮಾಡಿದವು. ನನ್ನ ಸ್ನೇಹಿತೆ ಆಗ ಚಿಕ್ಕವಳು. ಈಗಲೂ ಆ ಮಾತು ಬಂದರೆ ಅವಳ ಮುಖ ಗಂಟಾಗುತ್ತೆ.

ಫ್ಲ್ಯಾಗ್‌ಸ್ಟಾಫ್ ಮೈಸೂರಿಗ

ನಿನ್ನೆ ಮತ್ತೆ ಅಜ್ಜಿ ಮನೆಗೆ ಹೋಗಿದ್ದೆವು, ಅದಕ್ಕೇ ಉತ್ತರ ತಡ. ಈ ಸಲ ಕೇಳಿದ್ದು ಒಂದೇ ಪ್ರಶ್ನೆ: ಈ ಮರ ಇಲ್ಲದೆ ಹೋಗಿದ್ದರೆ?

ಅಜ್ಜಿ ಡಿನೆ ಭಾಷೆಯಲ್ಲಿ ತುಂಬ ಹೊತ್ತು ಮಾತಾಡಿದರು. ಮೊಮ್ಮಗಳು ಹೇಳಿದ್ದು ಇಷ್ಟು. ಒಂದು ಸಲ ಇರಲಿಲ್ಲ. 1864ರಲ್ಲಿ ಅಮೆರಿಕದ ಸೈನ್ಯದವರು ಡಿನೆ ಜನರ ಹೊಲ ಸುಟ್ಟು, ಕಣಿವೆಯ ಪೀಚ್ ಮರಗಳನ್ನು ಸಾವಿರಗಟ್ಟಲೆ ಕಡಿದು, 8,000ಕ್ಕೂ ಹೆಚ್ಚು ಜನರನ್ನು ನ್ಯೂ ಮೆಕ್ಸಿಕೊದ ಬಾಸ್ಕ್ ರೆಡೊಂಡೊವರೆಗೆ ನಡೆಸಿಕೊಂಡು ಹೋದರು. ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿ ಬೋಳು ಬಯಲು, ಉಪ್ಪು ನೀರು. ಸೌದೆಗೆ ಮರ ಇಲ್ಲ. ಮೈಲಿಗಟ್ಟಲೆ ಹೋಗಿ ಮೆಸ್ಕೀಟ್ ಜಾಲಿಯ ಬೇರು ಅಗೆದು ಬೆನ್ನ ಮೇಲೆ ಹೊತ್ತು ತರಬೇಕು. ಕೊಟ್ಟ ಮೈದಾ, ಕೊಬ್ಬು ಇವನ್ನು ಹೇಗೆ ಬೇಯಿಸಬೇಕು ಅಂತ ಗೊತ್ತಿಲ್ಲ. ಈಗ ಎಲ್ಲರೂ ನವಾಹೊ ತಿಂಡಿ ಅಂತ ಫೋಟೋ ತೆಗೆಯುವ ಕರಿದ ರೊಟ್ಟಿ ಹುಟ್ಟಿದ್ದು ಆ ಮೈದಾದಿಂದ. 1868ರಲ್ಲಿ ಒಪ್ಪಂದ ಆಗಿ ವಾಪಸ್ ಬಂದರು. ತಮ್ಮ ಕಡೆಯ ಬೆಟ್ಟ, ತಮ್ಮ ಕಡೆಯ ಮರ ಕಂಡು ಮುದುಕರು ಅತ್ತರಂತೆ. ಅಜ್ಜಿಗೆ ಅದನ್ನು ಹೇಳಿದ್ದು ಅವರ ಅಜ್ಜಿ.

ಆಮೇಲೆ ಅಜ್ಜಿ ಎದ್ದು ಹೋಗನ್ ತೋರಿಸಿದರು. ಹೋಗನ್ ಅಂದರೆ ಹಳೇ ಕಾಲದ ದುಂಡು ಮನೆ, ಬಾಗಿಲು ಪೂರ್ವಕ್ಕೆ. ಜೂನಿಪರ್ ದಿಮ್ಮಿಗಳನ್ನು ಒಂದರ ಮೇಲೊಂದು ಒಳಕ್ಕೆ ಸರಿಸುತ್ತಾ ಜೋಡಿಸಿ ಸೂರು ಮಾಡಿದ್ದಾರೆ, ಮೇಲೆ ಮಣ್ಣು. ದಿಮ್ಮಿಗಳ ಸಂದಿಗೆ ಅದೇ ಮರದ ತೊಗಟೆ ನಾರು ತುರುಕಿದ್ದಾರೆ. ನಾನು ಮೂಸಿ ನೋಡಿದೆ. ಇಷ್ಟು ವರ್ಷ ಆದರೂ ಪೆನ್ಸಿಲ್ ಕೆತ್ತಿದ ವಾಸನೆ.

ದೂರದ ಗುಡ್ಡದಲ್ಲಿ ಒಣಗಿ ನಿಂತ ಪಿನ್ಯಾನ್ ಮರಗಳೂ ಕಂಡವು. 2002, 2003ರ ಬರ ಮತ್ತು ತೊಗಟೆ ಹುಳ ಸೇರಿ ಲಕ್ಷಗಟ್ಟಲೆ ಮರ ಸತ್ತವಂತೆ. ಜೂನಿಪರ್ ಅಷ್ಟಾಗಿ ಸಾಯಲಿಲ್ಲ, ಗಟ್ಟಿ ಜೀವ.

ಕುಶಾಲನಗರ ಬಸ್‌ಸ್ಟ್ಯಾಂಡ್

ಊರು ಬಿಟ್ಟು ಬಂದ ನಮ್ಮ ಬೈಲಕುಪ್ಪೆ ಮುದುಕರು ಆ ಹೊಗೆ ಯಾಕೆ ಬಿಡಲ್ಲ ಅಂತ ಈಗ ಸ್ವಲ್ಪ ಅರ್ಥ ಆಗ್ತಿದೆ.

ಅಜ್ಜಿ ಮದ್ದು

ಪಟ್ಟಿ ಕೇಳಿದ್ದಕ್ಕೆ ಕ್ಷಮಿಸಿ. ಸುಮ್ನೆ ಕುಡಿಯೋಕೆ ಏನಾದರೂ ಇದೆಯಾ, ಕಾಯಿಲೆ ಗೀಯಿಲೆ ಬಿಟ್ಟು?

ಅಲ್ಬುಕರ್ಕಿ ಅಮ್ಮ

ಇದೆ, ನವಾಹೊ ಟೀ. ಚಿಲ್ ಗೊಹ್ವೆ ಅಂತಾರೆ, ‘ಗಿಡದ ಕಾಫಿ’ ಅಂತ! ತೆಳ್ಳಗೆ ಉದ್ದ ಕಾಂಡ, ತುದಿಯಲ್ಲಿ ಹಳದಿ ಹೂ. ಒಂದು ಹಿಡಿ ಕಿತ್ತು, ಮಡಚಿ, ಅದರದ್ದೇ ಕಾಂಡದಿಂದ ಕಟ್ಟಿ ಒಣಗಿಸ್ತಾರೆ. ಒಂದು ಪಾತ್ರೆ ನೀರಿಗೆ ಒಂದು ಕಟ್ಟು. ಜೇನಿನ ಬಣ್ಣ ಬರುತ್ತೆ, ಹುಲ್ಲಿನ ಪರಿಮಳ. ಸಂತೆಯಲ್ಲಿ ಸಿಗುತ್ತೆ, ಅವರ ಕೈಯಿಂದಲೇ ಕೊಳ್ಳಿ. ಅವರ ನೆಲದಲ್ಲಿ ನಾವೇ ಹೋಗಿ ಕೀಳೋದು ಸರಿಯಲ್ಲ.

ರಸಾಯನ ಮೇಷ್ಟ್ರು

ಮೈಸೂರಿಗರೇ, ಬರಿಗೈಯಲ್ಲಿ ಹೋಗಿಲ್ಲ ತಾನೆ? ಅಜ್ಜಿಗೆ ಏನು ಒಯ್ದಿರಿ?

ಫ್ಲ್ಯಾಗ್‌ಸ್ಟಾಫ್ ಮೈಸೂರಿಗ

ಎರಡು ಕಿಲೋ ರಾಗಿ ಹಿಟ್ಟು, ಮೈಸೂರಿಂದ ಅಮ್ಮ ಕಳಿಸಿದ್ದು. ನನ್ನ ಹೆಂಡತಿ ಅಲ್ಲೇ ಅಂಬಲಿ ಮಾಡಲು ನಿಂತಳು. ಹಿಟ್ಟು ಗಂಟಾಯಿತು. ಅಜ್ಜಿ ಅವಳ ಕೈಯಿಂದ ಸೌಟು ಕಸಿದುಕೊಂಡು ಕಡ್ಡಿ ಕಟ್ಟು ಕೊಟ್ಟರು. ಎರಡು ನಿಮಿಷಕ್ಕೆ ಗಂಟೆಲ್ಲ ಮಾಯ. ಆಮೇಲೆ ಯಾರನ್ನೂ ಕೇಳದೆ ಅದಕ್ಕೂ ಒಂದು ಚಮಚ ಬೂದಿ ಹಾಕಿದರು!

ರಸಾಯನ ಮೇಷ್ಟ್ರು

ಬಣ್ಣ ಏನಾಯಿತು? ಬೇಗ ಹೇಳಿ.

ಫ್ಲ್ಯಾಗ್‌ಸ್ಟಾಫ್ ಮೈಸೂರಿಗ

ಇನ್ನಷ್ಟು ಕಪ್ಪಾಯಿತು ಮೇಷ್ಟ್ರೇ. ಅಜ್ಜಿ ಎರಡನೇ ಸಲವೂ ಹಾಕಿಸಿಕೊಂಡರು.